ಶಾಸನ ಓದುವವರು ಒಂದು ಕಡೆ, ಕಲ್ಲು ಕಾಯುವವರು ಇನ್ನೊಂದು ಕಡೆ

ಕನ್ನಡ ಎಂ.ಎ. ಮಾಡಿದವನು ಮುಂದೆ ಏನಾಗಬೇಕು ಅನ್ನೋ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಉಪನ್ಯಾಸಕ ಆಗಬೇಕು. ಆಗದಿದ್ದರೆ ಬಿ.ಎಡ್. ಮಾಡಿ ಮೇಷ್ಟ್ರಾಗಬೇಕು. ಅದೂ ಆಗಲಿಲ್ಲ ಅಂದ್ರೆ ನಾಲ್ಕು ವರ್ಷ ಸರ್ಕಾರಿ ಪರೀಕ್ಷೆ ಬರೆದು, ಕೊನೆಗೆ ಈ ಮಾದಾಪುರದ ಯಾವುದೋ ಗಾಜಿನ ಕಟ್ಟಡದಲ್ಲಿ ರಾತ್ರಿ ಪಾಳಿ ಹಿಡಿಯಬೇಕು. ನಮ್ಮ ಸಂಘದಲ್ಲೇ ಹಾಗೆ ಹೋದವರನ್ನು ಬೆರಳು ಮಡಚಿ ಎಣಿಸಬಹುದು. ಅವರ ಬಗ್ಗೆ ನನಗೆ ತಕರಾರಿಲ್ಲ, ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. ನನ್ನ ತಕರಾರು ಇಷ್ಟೇ: "ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಹೋಗು" ಅಂತ ಕನ್ನಡದ ವಿದ್ಯಾರ್ಥಿಗೆ ಯಾವ ಮೇಷ್ಟ್ರೂ ಯಾಕೆ ಹೇಳುವುದಿಲ್ಲ? ಮ್ಯೂಸಿಯಂ ಅಂದ ಕೂಡಲೇ ನಮಗೆ ನೆನಪಾಗೋದು ಭಾನುವಾರ, ಬುತ್ತಿ, ಮಕ್ಕಳ ಗಲಾಟೆ. ಈ ಊರಿನ ಉರ್ದು ಮಂದಿ ಅದಕ್ಕೆ ಅಜಾಯಿಬ್ ಘರ್ ಅನ್ನುತ್ತಾರೆ, ಅಂದರೆ ಬೆರಗಿನ ಮನೆ. ಬೆರಗುಪಟ್ಟು ಹೊರಗೆ ಬಂದರೆ ನಮ್ಮ ಕೆಲಸ ಮುಗಿಯಿತು. ಒಳಗೆ ಕೂತು ಆ ವಸ್ತುಗಳನ್ನು ಓದುವ, ಉಳಿಸುವ, ಚೀಟಿ ಬರೆಯುವ ಕೆಲಸವೊಂದಿದೆ, ಅದಕ್ಕೊಂದು ವಿದ್ಯೆ ಇದೆ, ಆ ವಿದ್ಯೆಗೆ ಕನ್ನಡದವರೂ ಬೇಕು ಅನ್ನೋದು ನಮ್ಮ ತಲೆಗೇ ಬಂದಿಲ್ಲ.

ಹೈದರಾಬಾದಿನಲ್ಲಿ ಕೂತು ಈ ಮಾತು ಆಡುವುದಕ್ಕೆ ಕಾರಣವಿದೆ. ಸಾಲಾರ್ ಜಂಗ್ ಮ್ಯೂಸಿಯಂ ಇಲ್ಲೇ ಇದೆ. 1951ರ ಡಿಸೆಂಬರ್ 16ರಂದು ನೆಹರೂ ಅದನ್ನು ತೆರೆದರು, 1961ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದಿತು, 1968ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಪಬ್ಲಿಕ್ ಗಾರ್ಡನ್ಸಿನಲ್ಲಿ ನಿಜಾಮರ ಕಾಲದ ಪುರಾತತ್ವ ಸಂಗ್ರಹಾಲಯವಿದೆ. ನಮ್ಮ ಮಾದಾಪುರದಲ್ಲೇ ಶಿಲ್ಪಾರಾಮವಿದೆ. ಹಳ್ಳಿ ಮನೆಗಳನ್ನೂ ಕಸುಬುದಾರರ ಗೊಂಬೆಗಳನ್ನೂ ಇಟ್ಟ ಅಲ್ಲಿನ ಗ್ರಾಮ ಸಂಗ್ರಹಾಲಯದ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡವರೇ. ಆದರೆ ಇವೆಲ್ಲ ಊರಿನ ಅಲಂಕಾರ. ನಿಜವಾದ ಕಾರಣ ಊರ ಹೊರಗಿದೆ, ಬಂಡೆಯ ಮೇಲಿದೆ.

ಕರೀಂನಗರ ಜಿಲ್ಲೆಯಲ್ಲಿ ಕುರಿಕ್ಯಾಲ ಅಂತ ಒಂದು ಹಳ್ಳಿ. ಅದರ ಪಕ್ಕದ ಗುಡ್ಡಕ್ಕೆ ಬೊಮ್ಮಲಗುಟ್ಟ ಅನ್ನುತ್ತಾರೆ, ಅಂದರೆ ಗೊಂಬೆಗಳ ಗುಡ್ಡ. ಗೊಂಬೆಗಳು ಅಂದರೆ ಬಂಡೆಯಲ್ಲಿ ಕೆತ್ತಿದ ಜಿನರು ಮತ್ತು ಚಕ್ರೇಶ್ವರಿ. ಅವುಗಳ ಕೆಳಗೆ ಹತ್ತನೆಯ ಶತಮಾನದ ಒಂದು ಶಾಸನ. ಬರೆಸಿದವನು ಜಿನವಲ್ಲಭ, ನಮ್ಮ ಆದಿಕವಿ ಪಂಪನ ಒಡಹುಟ್ಟಿದ ತಮ್ಮ. ಒಂದೇ ಶಾಸನದಲ್ಲಿ ಸಂಸ್ಕೃತವಿದೆ, ಕನ್ನಡವಿದೆ, ತೆಲುಗಿನ ಕಂದಪದ್ಯಗಳಿವೆ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಆ ತಾಯಿ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತೇವಲ್ಲ, ಅಬ್ಬಣಬ್ಬೆಯ ಹೆಸರು, ಅಣ್ಣಿಗೇರಿಯ ನಂಟು ನಮಗೆ ಸಿಕ್ಕಿದ್ದು ಈ ಬಂಡೆಯಿಂದ. ತಮ್ಮ ಇಲ್ಲಿ ಬಸದಿ ಕಟ್ಟಿಸಿದ, ಅದಕ್ಕೆ ತ್ರಿಭುವನತಿಲಕ ಎಂದು ಹೆಸರಿಟ್ಟ. ಕೆರೆ ಕಟ್ಟಿಸಿ ಅಣ್ಣನ ಬಿರುದನ್ನೇ ಅದಕ್ಕಿಟ್ಟು ಕವಿತಾಗುಣಾರ್ಣವ ಅಂದ. ನನಗೆ ಈ ಕೆರೆಯ ಹೆಸರು ಎಷ್ಟು ಇಷ್ಟವೆಂದರೆ, ಕವಿಯೊಬ್ಬನಿಗೆ ಜ್ಞಾನಪೀಠಕ್ಕಿಂತ ದೊಡ್ಡದು ಅವನ ಹೆಸರಿನ ನೀರು ಜನ ಕುಡಿಯುವುದು ಅಂತ ಎಷ್ಟೋ ಸಲ ವಾದ ಮಾಡಿದ್ದೇನೆ. ಇರಲಿ.

ತೆಲುಗಿನವರು ಈ ಶಾಸನವನ್ನು ತಮ್ಮ ಕಂದಪದ್ಯದ ಹಳಮೆಗೆ ಸಾಕ್ಷಿಯಾಗಿ ಹಿಡಿಯುತ್ತಾರೆ. ಅದು ಅವರ ಹಕ್ಕು. ನಾವು ಪಂಪನ ಜಾತಕಕ್ಕೆ ಹಿಡಿಯುತ್ತೇವೆ. ಇತಿಹಾಸದವರು ವೇಮುಲವಾಡದ ಚಾಲುಕ್ಯರ ಕಾಲಕ್ಕೆ ಹಿಡಿಯುತ್ತಾರೆ. ಬಂಡೆಯನ್ನೇ ಹಿಡಿದವರು ಯಾರು? ಅದರ ಮೇಲೆ ಮಳೆ ಬೀಳುತ್ತದೆ, ಬಿಸಿಲು ಬೀಳುತ್ತದೆ, ತೆಲಂಗಾಣದಲ್ಲಿ ಸುತ್ತಮುತ್ತೆಲ್ಲ ಗುಡ್ಡ ಒಡೆದು ಜಲ್ಲಿ ಮಾಡುವ ಉದ್ಯಮವಿದೆ. ಆ ಬಂಡೆಗೆ ಏನಾಗುತ್ತಿದೆ ಎಂದು ಹೇಳಬಲ್ಲವನಿಗೆ ಅದರ ಮೇಲಿನ ಅಕ್ಷರ ಬರುವುದಿಲ್ಲ. ಅಕ್ಷರ ಬಲ್ಲ ನಮಗೆ ಕಲ್ಲು ಗೊತ್ತಿಲ್ಲ.

ಹಿಂದೆ ಈ ಗೋಡೆ ಇಷ್ಟು ಗಟ್ಟಿಯಾಗಿರಲಿಲ್ಲ. 1914ರಲ್ಲಿ ನಿಜಾಮ್ ಸರ್ಕಾರ ಪುರಾತತ್ವ ಇಲಾಖೆ ಶುರುಮಾಡಿ ಗುಲಾಂ ಯಜ್ದಾನಿಯವರ ಕೈಗೆ ಕೊಟ್ಟಿತು. ಮರುವರ್ಷವೇ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಅಶೋಕನ ಹೆಸರನ್ನೇ ಹೇಳುವ ಶಾಸನ ಅಂತ ಅದಕ್ಕೆ ಲೋಕಪ್ರಸಿದ್ಧಿ. ಕಂಡುಹಿಡಿದವನು ಇತಿಹಾಸದ ಪಂಡಿತನಲ್ಲ, ಗಣಿ ಇಂಜಿನಿಯರ್ ಸಿ. ಬೀಡನ್. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅಚ್ಚು ಹಾಕಿಸಿದ್ದು ಹೈದರಾಬಾದ್. ಗಣಿಯವನು, ಪಂಡಿತ, ಉರ್ದು-ಫಾರಸಿ ಬಲ್ಲ ಅಧಿಕಾರಿ ಮೂರು ಜನ ಸೇರಿ ಒಂದು ಕನ್ನಡ ಊರಿನ ಕಲ್ಲನ್ನು ಜಗತ್ತಿಗೆ ತೋರಿಸಿದರು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ರಾಯಚೂರು, ಗುಲಬರ್ಗಾ, ಬೀದರ್ ಮೈಸೂರಿಗೆ ಸೇರಿದವು. ಆಮೇಲೂ 1958ರಲ್ಲಿ ಪಿ.ಬಿ. ದೇಸಾಯರು ಸಂಪಾದಿಸಿದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟವನ್ನು ಪ್ರಕಟಿಸಿದ್ದು ಆಂಧ್ರಪ್ರದೇಶ ಸರ್ಕಾರವೇ. ಜಿಲ್ಲೆಗಳು ಹೋಗಿ ಎರಡು ವರ್ಷವಾಗಿತ್ತು, ಪುಸ್ತಕ ಮಾತ್ರ ಋಣ ತೀರಿಸಿದ ಹಾಗೆ ಬಂತು. ಆ ಸಂಪುಟ ನಮ್ಮಲ್ಲಿ ಎಷ್ಟು ಜನ ಮುಟ್ಟಿ ನೋಡಿದ್ದೀರಿ ಅಂತ ಕೇಳಿ ಮುಜುಗರ ಮಾಡುವುದಿಲ್ಲ.

ಈಗಿನ ಸ್ಥಿತಿ ಹೇಳುತ್ತೇನೆ. ಒಂದು ಸಂಗ್ರಹಾಲಯದ ಅಂಗಳ, ಹೆಸರು ಬೇಡ. ಗೋಡೆಗೆ ಒರಗಿಸಿದ ಶಾಸನದ ಕಲ್ಲು, ಕೆಳಗೆ ಚೀಟಿ: "ಶಾಸನ, 11ನೇ ಶತಮಾನ." ಅಷ್ಟೇ. ಯಾರದ್ದು, ಯಾವ ಊರಿನಿಂದ ಬಂತು, ಏನು ಹೇಳುತ್ತದೆ, ಒಂದೂ ಇಲ್ಲ. ಮನುಷ್ಯನನ್ನು ತೋರಿಸಿ "ಗಂಡಸು, ಮಧ್ಯವಯಸ್ಸು" ಅಂದ ಹಾಗೆ. ಇನ್ನೂ ಕೆಟ್ಟದ್ದು, ಅಕ್ಷರ ಕಾಣಲಿ ಎಂದು ಯಾರೋ ಪುಣ್ಯಾತ್ಮ ಅದಕ್ಕೆ ಬಿಳಿ ಎಣ್ಣೆಬಣ್ಣ ತುಂಬಿದ್ದ. ಆತನಿಗೆ ಹಳಗನ್ನಡದ ಲಿಪಿ ಬರುತ್ತಿರಲಿಲ್ಲ. ಗೀರು ಕಂಡಲ್ಲೆಲ್ಲ ಬಣ್ಣ ಎಳೆದು ಪಕಾರವನ್ನು ವಕಾರ ಮಾಡಿಟ್ಟಿದ್ದ. ಈಗ ಅದನ್ನು ಓದುವವನು ಒಂಬೈನೂರು ವರ್ಷ ಹಿಂದಿನ ಲಿಪಿಕಾರನನ್ನು ಓದುವುದಿಲ್ಲ, ಈ ಬಣ್ಣದವನನ್ನು ಓದುತ್ತಾನೆ.

ಹಾಗಂತ ನಮ್ಮವರೇನು ಕಡಿಮೆ? ಶಾಸನ ಹುಡುಕಿ ಹೋದ ಕನ್ನಡದ ಸಂಶೋಧಕರು ಅಕ್ಷರ ಎದ್ದು ಕಾಣಲಿ ಅಂತ ಮೈದಾಹಿಟ್ಟು ಬಳಿಯುತ್ತಾರೆ, ಸೀಮೆಸುಣ್ಣ ತಿಕ್ಕುತ್ತಾರೆ, ಪಾಚಿ ಕೀಳಲು ತಂತಿ ಬ್ರಷ್ಷು ಹಾಕುತ್ತಾರೆ. ಹಿಟ್ಟಿಗೆ ಹುಳ, ಬೂಷ್ಟು ಬರುತ್ತದೆ. ಸುಣ್ಣದ ಪುಡಿ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ. ತಂತಿ ಬ್ರಷ್ಷಂತೂ ಮೆತುಗಲ್ಲಾದರೆ ಅಕ್ಷರದ ಅಂಚನ್ನೇ ತಿನ್ನುತ್ತದೆ. ಸರಿಯಾದ ದಾರಿ ಏನು? ಮೆತ್ತನೆ ಬ್ರಷ್ಷಿನಿಂದ ನೀರಲ್ಲಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಗುಳಿಗಳೊಳಗೆ ಕೂರಿಸಿ, ಅರೆ ಒಣಗಿದ ಮೇಲೆ ಮಸಿಯ ಉಂಡೆ ಒತ್ತಿ ಅಚ್ಚು ತೆಗೆಯಬೇಕು. ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಬರುತ್ತದೆ. ಬರೀ ಓದುವುದಕ್ಕಾದರೆ ಅಷ್ಟೂ ಬೇಡ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿಗೆ ಹೋಗಿ ನಿಂತರೆ ಎಷ್ಟೋ ಅಕ್ಷರ ತಾನೇ ಎದ್ದು ಬರುತ್ತದೆ. ಇದನ್ನು ನನಗೆ ಕಲಿಸಿದ್ದು ಎಂ.ಎ. ತರಗತಿಯಲ್ಲ. ಶಾಸನಶಾಸ್ತ್ರ ಎಂಬ ಪತ್ರಿಕೆಯಲ್ಲಿ ಕಲ್ಲನ್ನೇ ನೋಡದೆ ಪಾಸಾಗಬಹುದು. ಗ್ರಂಥಸಂಪಾದನೆಯಲ್ಲಿ ತಾಳೆಗರಿ ಮುಟ್ಟದೆ ಪ್ರಥಮ ದರ್ಜೆ ಬರಬಹುದು.

ವಿಶ್ವವಿದ್ಯಾನಿಲಯಗಳು ಈಗ ಎಲ್ಲದಕ್ಕೂ "ಅಂತರ್‌ಶಿಸ್ತೀಯ ಅಧ್ಯಯನ" ಅಂತ ಬೋರ್ಡು ಹಾಕುತ್ತಿವೆ. ಪದ ಕೇಳಿದರೆ ಡ್ರಿಲ್ ಮೇಷ್ಟ್ರು ಶೀಟಿ ಊದಿದ ಹಾಗೆ ಅನ್ನಿಸುತ್ತದೆ. ಎರಡು ವಿಭಾಗದವರು ಒಂದು ವಿಚಾರಸಂಕಿರಣದಲ್ಲಿ ಕೂತು ಊಟ ಮಾಡಿ ಎದ್ದರೆ ಅದು ಅಂತರ್‌ಶಿಸ್ತೀಯವಾಗುವುದಿಲ್ಲ. ಒಂದು ವಸ್ತುವಿನ ಮುಂದೆ ಇಬ್ಬರೂ ಕೂತು, ಒಬ್ಬನಿಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬ ಹೇಳಲೇಬೇಕಾದ ಇಕ್ಕಟ್ಟು ಬಂದರೆ ಆಗುತ್ತದೆ. ಪಬ್ಲಿಕ್ ಗಾರ್ಡನ್ಸಿನ ಸಂಗ್ರಹಾಲಯದಲ್ಲಿ ಈಜಿಪ್ಟಿನ ಒಂದು ಮಮ್ಮಿ ಇದೆ, ಮಕ್ಕಳೆಲ್ಲ ಅದನ್ನು ನೋಡಲೆಂದೇ ಓಡುತ್ತಾರೆ. ಸುತ್ತಿದ ಬಟ್ಟೆ ಹದಗೆಡುತ್ತಿದೆ ಎಂದಾಗ, 2016ರ ಸುಮಾರಿಗೆ, ಅದನ್ನು ಆಮ್ಲಜನಕ ಇಲ್ಲದ ಪೆಟ್ಟಿಗೆಯಲ್ಲಿಡುವ ಕೆಲಸ ನಡೆಯಿತು. ಒಳಗೆ ಏನಿದೆ ಎಂದು ನೋಡಲು ಕ್ಷಕಿರಣ ಬೇಕಾಯಿತು, ಅಂದರೆ ವೈದ್ಯರು. ಪೆಟ್ಟಿಗೆಗೆ ಇಂಜಿನಿಯರ್, ಅನಿಲಕ್ಕೆ ರಸಾಯನಶಾಸ್ತ್ರದವರು, ಅದು ಯಾರ ಹೆಣ ಅಂತ ಹೇಳಲು ಇತಿಹಾಸದವರು. ಪರದೇಶದ ಒಂದು ಹೆಣಕ್ಕೆ ಇಷ್ಟು ಜನ ಸೇರುವುದಾದರೆ ಜಿನವಲ್ಲಭನ ಬಂಡೆಗೆ ಯಾಕೆ ಸೇರಬಾರದು?

ಕನ್ನಡದಲ್ಲಿ ಇಂಥ ಕೆಲಸ ಆಗಿಯೇ ಇಲ್ಲ ಅನ್ನುವುದು ಸುಳ್ಳು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರ್.ಎಸ್. ಪಂಚಮುಖಿಯವರ ಕೆಳಗೆ ಶುರುವಾದಾಗ ಶಾಸನ, ಹಸ್ತಪ್ರತಿ, ವಸ್ತುಸಂಗ್ರಹ ಎಲ್ಲ ಒಂದೇ ಸೂರಿನಲ್ಲಿದ್ದವು. ಮೈಸೂರಿನಲ್ಲಿ ಆದದ್ದು ಇನ್ನೂ ಚೆಂದ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಜಾನಪದ ವಸ್ತುಸಂಗ್ರಹಾಲಯ ಶುರುಮಾಡಿತು. ಈಗ ಅದು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿದೆ. ಅದರ ಹಿಂದೆ ದುಡಿದವರು ಇಬ್ಬರು ಬೇರೆ ಬೇರೆ ಜಾತಿಯ ವಿದ್ವಾಂಸರು. ಒಬ್ಬರು ಜೀ.ಶಂ. ಪರಮಶಿವಯ್ಯ, ಹಾಡು ಕತೆ ಕಾವ್ಯ ಕೂಡಿಸಿದವರು. ಇನ್ನೊಬ್ಬರು ಪಿ.ಆರ್. ತಿಪ್ಪೇಸ್ವಾಮಿ, ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಚಿತ್ರಕಾರರು. ಹಾಡು ಬಲ್ಲವರ ಕಿವಿ, ಬಣ್ಣ ಬಲ್ಲವರ ಕಣ್ಣು ಒಟ್ಟಿಗೆ ಹಳ್ಳಿ ಸುತ್ತಿದ್ದಕ್ಕೇ ಅಲ್ಲಿ ತೊಗಲುಗೊಂಬೆಯೂ ಇದೆ, ಸೋಮನ ಮುಖವಾಡವೂ ಇದೆ, ಯಕ್ಷಗಾನದ ಕಿರೀಟವೂ ಇದೆ, ಬೇಸಾಯದ ಸಾಮಾನೂ ಇದೆ. ಯಾರೂ ಅವರಿಗೆ ಅಂತರ್‌ಶಿಸ್ತೀಯ ಪ್ರಮಾಣಪತ್ರ ಕೊಟ್ಟಿರಲಿಲ್ಲ.

ಬೇಸಾಯದ ಸಾಮಾನು ಅಂದಾಗ ಒಂದು ಸಂಗತಿ ನೆನಪಾಯಿತು. ನಮ್ಮ ಗೆಳೆಯನೊಬ್ಬ ಎಲ್ಲೋ ಒಂದು ಪ್ರದರ್ಶನದಲ್ಲಿ ತೆಗೆದ ಫೋಟೋ ಫೋನಿನಲ್ಲಿಟ್ಟುಕೊಂಡಿದ್ದ. ವಸ್ತುವಿನ ಕೆಳಗೆ "ಕುಂಟೆ, ಕೃಷಿ ಉಪಕರಣ" ಅಂತ ಚೀಟಿ. ಮಾದಾಪುರದಲ್ಲಿ ಕಟ್ಟಡ ಏಳುತ್ತಿದ್ದ ಕಡೆ ಚಾ ಕುಡಿಯುತ್ತ ನಾವು ಅದನ್ನು ನೋಡುತ್ತಿದ್ದರೆ, ಪಕ್ಕದಲ್ಲಿ ಕೂತಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಬಗ್ಗಿ ನೋಡಿದಳು.

"ಇದು ಕುಂಟಿ ಅಲ್ಲೋ ತಮ್ಮಾ. ಕುಂಟಿಗೆ ಬಟ್ಟಲಾ ಎಲ್ಲಿರ್ತದ? ಇದು ಕೂರಿಗಿ."

"ಅದ್ಹೆಂಗ ಗೊತ್ತಾಯ್ತು ಯಕ್ಕಾ?"

"ಗೊತ್ತಾಗದೇನು, ಬೀಜ ಹಾಕಾಕಿ ನಾನs ಇದ್ದೆ. ಗಂಡಸು ಎತ್ತು ಹೊಡೀತಾನ, ನಾವು ಹಿಂದ ಬಟ್ಟಲದಾಗ ಬೀಜ ಬಿಟ್ಕೊಂತ ನಡೀತೀವಿ. ಮುಷ್ಟಿ ಸಡಿಲ ಆಯ್ತಂದ್ರ ಸಾಲು ದಟ್ಟ ಬೀಳ್ತದ, ಬಿಗಿ ಆಯ್ತಂದ್ರ ತೆಳ್ಳಗ. ಕೈಗೆ ಲೆಕ್ಕ ಇರಬೇಕು."

ಹೆಸರು ತಪ್ಪಿದ್ದು ಚಿಕ್ಕ ವಿಷಯ, ತಿದ್ದಬಹುದು. ಆದರೆ ಆ ಚೀಟಿ ಸರಿಯಾಗಿದ್ದರೂ ಅದರಲ್ಲಿ ಆ ಮುಷ್ಟಿ ಇರುತ್ತಿತ್ತೇ? ಮರದ ವಸ್ತು ಸಂಗ್ರಹಾಲಯಕ್ಕೆ ಬರುತ್ತದೆ, ಹಿಂದೆ ನಡೆದ ಹೆಣ್ಣಿನ ಕೈ ಬರುವುದಿಲ್ಲ. ಅದನ್ನು ತರಬಲ್ಲವನು ಮಾತು ಕೇಳಲು ಕಲಿತವನು, ಯಾದಗಿರಿಯ ಕನ್ನಡ ಕಿವಿಗೆ ಬಿದ್ದರೆ ಮುಖ ತಿರುಗಿಸದವನು. ಅಂದರೆ ಭಾಷೆ, ಸಾಹಿತ್ಯ, ಜಾನಪದ ಓದಿದವನು. ಅವನಿಗೆ ಮರಕ್ಕೆ ಗೆದ್ದಲು ಹತ್ತದ ಹಾಗೆ ನೋಡಿಕೊಳ್ಳುವುದು, ನೋಂದಣಿ ಪುಸ್ತಕದಲ್ಲಿ ಅಳತೆ, ಊರು, ಕೊಟ್ಟವರ ಹೆಸರು, ತಂದ ದಿನ ಬರೆಯುವುದು, ಮೇಲಿನ ನಂಬರು ಅಳಿಸದ ಹಾಗೆ ಆದರೆ ವಸ್ತು ಕೆಡದ ಹಾಗೆ ಹಾಕುವುದು, ಇಷ್ಟನ್ನು ಕಲಿಸಿದರೆ ಅರ್ಧ ಕೆಲಸ ಆಯಿತು.

ಇದನ್ನು ಎಲ್ಲಿ ಕಲಿಸುತ್ತಾರೆ? ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ 1952ರಿಂದಲೇ ಮ್ಯೂಸಿಯಾಲಜಿ ವಿಭಾಗವಿದೆ. ದೆಹಲಿಯಲ್ಲಿ 1989ರಲ್ಲಿ ನ್ಯಾಷನಲ್ ಮ್ಯೂಸಿಯಮ್ಮಿನ ಜೊತೆಗೇ ಒಂದು ಸಂಸ್ಥೆ ಹುಟ್ಟಿತು. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರರಲ್ಲೂ ಎಂ.ಎ. ಕೊಡುತ್ತಿತ್ತು, ಆಮೇಲೆ ಹೆಸರು ಬದಲಾಗಿ ನೊಯಿಡಾಕ್ಕೆ ಹೋಯಿತು. ಒಳ್ಳೆಯದೇ. ಆದರೆ ಅಲ್ಲಿಗೆ ಹೋಗುವ ಹುಡುಗನಿಗೆ ಇಂಗ್ಲಿಷ್ ಇರಬೇಕು, ಉತ್ತರ ಹಿಂದೂಸ್ಥಾನದಲ್ಲಿ ಎರಡು ವರ್ಷ ಇರುವ ದುಡ್ಡಿರಬೇಕು, ಮತ್ತು ಅಲ್ಲಿ ಹಳಗನ್ನಡ ಲಿಪಿ ಯಾರೂ ಹೇಳಿಕೊಡುವುದಿಲ್ಲ. ಮೈಸೂರನ್ನು ನೋಡಿ. ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆ 1966ರಲ್ಲಿ ಊಟಿಯಿಂದ ಅಲ್ಲಿಗೆ ಬಂತು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಅಲ್ಲಿದೆ. ಪ್ರಾಚ್ಯವಿದ್ಯಾ ಸಂಶೋಧನಾಲಯ ಅಲ್ಲಿದೆ, ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗ್ರಂಥಪಾಲಕರಾಗಿ ಕೂತು ಗ್ರಂಥಲಿಪಿಯ ತಾಳೆಗರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿದ ಸಂಸ್ಥೆ ಅದು. ಕನ್ನಡ ಅಧ್ಯಯನ ಸಂಸ್ಥೆ, ಜಾನಪದ ಸಂಗ್ರಹಾಲಯ ಅಲ್ಲಿವೆ. ಒಂದು ಸೈಕಲ್ ಇದ್ದರೆ ಒಂದೇ ದಿನದಲ್ಲಿ ಎಲ್ಲ ಮುಟ್ಟಿ ಬರಬಹುದು. ಇಷ್ಟನ್ನೂ ಪೋಣಿಸುವ ಎರಡು ವರ್ಷದ ಒಂದು ಪದವಿಗೆ ಬೇಕಾದದ್ದು ಹೊಸ ಕಟ್ಟಡವಲ್ಲ, ಮುಖ್ಯಸ್ಥರುಗಳು ಒಬ್ಬರ ಕೋಣೆಗೆ ಒಬ್ಬರು ಹೋಗುವುದು. ಅದೇ ಕಷ್ಟ ಅಂತೀರಾ, ನಿಜ.

ಹೈದರಾಬಾದಿನಲ್ಲೂ ಸಾಮಗ್ರಿಗೆ ಕೊರತೆಯಿಲ್ಲ. ಉಸ್ಮಾನಿಯಾದಲ್ಲಿ ಡಿ.ಕೆ. ಭೀಮಸೇನರಾಯರಂಥವರು ಕನ್ನಡ ಪಾಠ ಹೇಳಿದ ಊರು ಇದು. ಸಾಲಾರ್ ಜಂಗ್‌ನಲ್ಲಿ ಸಂರಕ್ಷಣಾ ಪ್ರಯೋಗಾಲಯವಿದೆ. ಮಾದಾಪುರದಿಂದ ಸ್ವಲ್ಪ ದೂರ ಗಚ್ಚಿಬೌಲಿಯಲ್ಲಿ 1974ರ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ರಸಾಯನಶಾಸ್ತ್ರ, ಇತಿಹಾಸ, ಮಾನವಶಾಸ್ತ್ರ, ಲಲಿತಕಲೆ ಎಲ್ಲ ಒಂದೇ ಆವರಣದಲ್ಲಿ. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಓದಬಲ್ಲ ವಿದ್ಯಾರ್ಥಿಗಳನ್ನು ಕೂಡಿಸಿ ದಖನಿನ ವಸ್ತುಗಳ ಮೇಲೆ ತರಬೇತಿ ಕೊಡಲು ಇದಕ್ಕಿಂತ ಒಳ್ಳೆಯ ಊರು ದೇಶದಲ್ಲಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಮೊದಲ ವರ್ಷ ಲಿಪಿ, ಇತಿಹಾಸ, ವಸ್ತುಗಳ ಗುಣಧರ್ಮ. ಎರಡನೆಯ ವರ್ಷ ಪೂರ್ತಿ ಸಂಗ್ರಹಾಲಯದೊಳಗೆ, ಸಂಬಳ ಕೊಟ್ಟು. ಸಂಬಳ ಅನ್ನೋದನ್ನ ಒತ್ತಿ ಹೇಳುತ್ತೇನೆ. ಪುಕ್ಕಟೆ ದುಡಿಯುವ ತರಬೇತಿ ಅಂದರೆ ಉಳ್ಳವರ ಮಕ್ಕಳಷ್ಟೇ ಬರುತ್ತಾರೆ, ಕೂರಿಗೆ ಕಂಡ ಮನೆಯವರು ಬರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಎರಡು ವರ್ಷದಲ್ಲಿ ಹಳಗನ್ನಡವೂ ರಸಾಯನಶಾಸ್ತ್ರವೂ ಬರುತ್ತದೆಯೇ, ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಆಗದೇ ಅಂತ. ನಮ್ಮನ್ನು ಯಾರೂ ರಸಾಯನಶಾಸ್ತ್ರಜ್ಞರಾಗಿ ಅನ್ನುತ್ತಿಲ್ಲ. ಒಳ್ಳೆ ಸೂಲಗಿತ್ತಿಗೆ ಯಾವಾಗ ಆಸ್ಪತ್ರೆಗೆ ಕಳಿಸಬೇಕು ಅನ್ನೋದು ಗೊತ್ತಿರುತ್ತದೆ. ಕಂಚಿನ ಮೂರ್ತಿಯ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಹಳೆಯ ಕಿಲುಬಿನ ಸೊಬಗಲ್ಲ, ಕ್ಲೋರೈಡು ಒಳಗಿನಿಂದ ಲೋಹ ತಿನ್ನುತ್ತಿದೆ, ತೇವ ತಗ್ಗಿಸಿ ತಕ್ಷಣ ತಿಳಿದವರನ್ನು ಕರೆಯಬೇಕು ಎಂಬಷ್ಟು ಗೊತ್ತಿದ್ದರೆ ಸಾಕು. ಹುಣಿಸೆಹಣ್ಣು ಹಾಕಿ ತಿಕ್ಕದಿದ್ದರೆ ಇನ್ನೂ ಸಾಕು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಕೆಲಸ ಎಲ್ಲಿದೆ? ಇದಕ್ಕೆ ನನ್ನಲ್ಲಿ ಸಿಹಿ ಉತ್ತರವಿಲ್ಲ. ಹುದ್ದೆಗಳು ಕಡಿಮೆ, ಇರುವ ಜಾಹೀರಾತುಗಳಲ್ಲಿ ಇತಿಹಾಸ, ಪುರಾತತ್ವ, ಸಂಸ್ಕೃತದ ಎಂ.ಎ. ಕೇಳುತ್ತಾರೆ, ಮೇಲೆ ಮ್ಯೂಸಿಯಾಲಜಿ ಡಿಪ್ಲೊಮಾ ಕೇಳುತ್ತಾರೆ. ಕನ್ನಡ ಎಂ.ಎ. ಎಂದು ಬರೆದದ್ದನ್ನು ನಾನು ಹುಡುಕಬೇಕಾಗುತ್ತದೆ. ಕನ್ನಡ ಶಾಸನ ಕಾಯುವ ಹುದ್ದೆಗೆ ಕನ್ನಡ ಓದಿದವನು ಅರ್ಹನಲ್ಲ! ಇದರ ವಿರುದ್ಧ ಸಾಹಿತ್ಯ ಪರಿಷತ್ತು ಒಂದು ಠರಾವು ಮಾಡಿದ್ದರೆ ನನ್ನ ಕಿವಿಗೆ ಬಿದ್ದಿಲ್ಲ. ಸಮ್ಮೇಳನದಲ್ಲಿ ನೇಮಕಾತಿ ನಿಯಮ ಬದಲಿಸಿ ಎಂದು ಕೇಳಲು ಯಾವ ಕಷ್ಟ? ನಾವೇ ಕೇಳಬಹುದು. ಕಾರ್ಯದರ್ಶಿಗಳು ಮನವಿಯ ಕರಡು ಮಾಡಿಟ್ಟಿದ್ದಾರೆ, ಸಹಿ ಹಾಕಲು ಬನ್ನಿ.

ಕೊನೆಗೆ ಈ ವರ್ಷದ ಪ್ರವಾಸದ ಮಾತು. ಬಹುಮತ ಫಿಲಂ ಸಿಟಿಯ ಕಡೆ ವಾಲಿದೆ ಅಂತ ಕೇಳಿದೆ. ನನ್ನ ಓಟು ಕೊಲನುಪಾಕಕ್ಕೆ. ಆಲೇರಿನ ಹತ್ತಿರ, ಇಲ್ಲಿಂದ ಸುಮಾರು 80 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಕೊಳ್ಳಿಪಾಕೆ ಅದೇ. ವೀರಶೈವರು ರೇಣುಕಾಚಾರ್ಯರು ಅವತರಿಸಿದ ಕೊಲ್ಲಿಪಾಕಿ ಅನ್ನುವುದೂ ಅದನ್ನೇ. ಜೈನರ ಬಸದಿಯೂ ಅಲ್ಲಿದೆ. ಸೋಮೇಶ್ವರನ ಗುಡಿಯ ಆವರಣದಲ್ಲಿ ಮೂರ್ತಿಗಳ ಜೊತೆ ಕನ್ನಡ ಶಾಸನಗಳನ್ನು ಕೂಡಿಸಿ ಇಟ್ಟಿದ್ದಾರೆ. ಅಚ್ಚು ತೆಗೆಯಲು ಇಲಾಖೆಯ ಅನುಮತಿ ಬೇಕು, ಓದಲು ಬೇಡ. ಮೊದಲ ಬಸ್ಸಿಗೆ ಹೊರಟರೆ ಓರೆ ಬಿಸಿಲು ಸಿಗುತ್ತದೆ. ಒಂದು ನೋಟ್ ಬುಕ್ಕು, ಅಳತೆ ಟೇಪು, ಟಾರ್ಚು ತನ್ನಿ. ಸೀಮೆಸುಣ್ಣ ಮನೆಯಲ್ಲೇ ಬಿಟ್ಟು ಬನ್ನಿ. ವಿಜ್ಞಾನ ವಿಭಾಗದ ಗೆಳೆಯರು ಯಾರಾದರೂ ಇದ್ದರೆ ಕರೆತನ್ನಿ, ಬಸ್ಸಿನಲ್ಲಿ ಇನ್ನೂ ಆರು ಸೀಟು ಖಾಲಿ ಇದೆ.